ಮೋತಿಯ ಸ್ವೆಟರ್

ಚಳಿಗಾಲದ ಭಾನುವಾರ ಬೆಳಿಗ್ಗೆ ನಾನೂ ನನ್ನ ನಾಯಿ ಮೋತಿಯೂ ಸ್ಕೂಟರ್ ಮೇಲೆ ಕಲಬುರಗಿಯಿಂದ ಕಮಲಾಪುರದ ಕಡೆ ಹೋಗಿ, ಕುರಿ ಕಾಯುವ ಮಾಳಪ್ಪನ ಬೆಂಕಿ ಮುಂದೆ ಮೈ ಕಾಯಿಸಿಕೊಂಡು ಬರುತ್ತಿದ್ದೆವು. ಈ ಸಲ ನಾನೊಬ್ಬನೇ ಹೋದೆ. ಮೋತಿ ದೀಪಾವಳಿಗೆ ಮುಂಚೆಯೇ ಸತ್ತಿತ್ತು. ಅದರ ಕೆಂಪು ಸ್ವೆಟರ್ ಒಯ್ದು, ನಡುಗುತ್ತಿದ್ದ ಒಂದು ಕುರಿಮರಿಗೆ ತೊಡಿಸಿದೆ. ಮರಿ ಹಾಲಿಗೆ ಹೋದರೆ ತಾಯಿ ಮೂಸಿ ನೋಡಿ, ಹಾಯ್ದು ದೂರ ತಳ್ಳಿತು.

"ಮೋತಿ ವಾಸನಿ ಇನ್ನೂ ಹೋಗಿಲ್ರೀ," ಎಂದು ಮಾಳಪ್ಪ ಸ್ವೆಟರ್ ಬಿಚ್ಚಿ ನನ್ನ ಕೈಗಿಟ್ಟ. "ತೊಳದು ತರ್ರಿ."

ನಾನೂ ಮೂಸಿದೆ. ಹೌದು, ಇತ್ತು.

ಈಗ ಬೇಸಿಗೆ. ನಳದ ನೀರಿಗೆ ಕೈ ಒಡ್ಡಿದರೆ ಸುಡುತ್ತದೆ. ಸ್ವೆಟರ್ ಇನ್ನೂ ಯಾಕೆ ತೊಳೆದಿಲ್ಲ ಎಂದು ಹೆಂಡತಿ ಕೇಳಿದರೆ, "ನೀರು ಭಾಳ ತಣ್ಣಗ ಅವ" ಅನ್ನುತ್ತೇನೆ.