ಹುಳುವಿನ ಜ್ವರಕ್ಕೆ ಸಿಕ್ಕ ರಜೆ

ಕಾಮಗೆರೆಯ ಸವರಿಯಪ್ಪ ಮೇಷ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ಚರ್ಚಿನಲ್ಲಿ ಉಪದೇಶಿಯಾಗಿ ಮಕ್ಕಳಿಗೆ ಜಪ ಹೇಳಿಕೊಡುತ್ತಿದ್ದರು. ೧೯೮೭ರಲ್ಲಿ ಫಾದರ್ ಅವರನ್ನು ಮೈಸೂರಿನ ಒಂದು ಶಿಬಿರಕ್ಕೆ ಕಳುಹಿಸಿದರು. ಅಲ್ಲಿ ಒಬ್ಬರು ಪಂಡಿತ ಪಾದ್ರಿಗಳು, ಕ್ರೈಸ್ತ ವಿದ್ವಾಂಸರಾದವರು ಸ್ವರ್ಗದ ಚಿಂತೆ ಸ್ವಲ್ಪ ಬದಿಗಿಟ್ಟು ತಮ್ಮ ಊರಿನ ಇವತ್ತಿನ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು ಎಂದರು. ವಿದ್ವಾಂಸರು ಎಂದಾಗ ಅವರು ನೋಡಿದ್ದು ತಮ್ಮ ಕಡೆಗೇ ಎಂದು ಮೇಷ್ಟ್ರಿಗೆ ಅನ್ನಿಸಿತು. ಊರಿಗೆ ಬಂದವರೇ ಒಂದು ರೀಮು ಕಾಗದ ತಂದು, ಮೊದಲ ಹಾಳೆಯ ಮೇಲೆ ‘ದುಡಿಯುವವರ ವಿಶ್ರಾಂತಿ: ಒಂದು ಕ್ರೈಸ್ತ ವಿಚಾರಣೆ’ ಎಂದು ಬರೆದರು.

ದುಡಿಯುವವರು ದೂರದಲ್ಲೇನೂ ಇರಲಿಲ್ಲ. ಚರ್ಚಿನ ಹಿಂದೆಯೇ ಪ್ರಭುಸ್ವಾಮಿಯವರ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಮನೆ. ಅಲ್ಲಿ ಸೊಪ್ಪು ಕೊಯ್ಯುವ ಹೆಂಗಸರಿಗೆ ವಾರಕ್ಕೆ ಏಳೂ ದಿನ ಕೆಲಸ. ಪ್ರಭುಸ್ವಾಮಿ ದೈವಭಕ್ತರು, ಒಳ್ಳೆಯವರೆಂದೇ ಹೆಸರು. ಸೋಮವಾರ ಬಸವಣ್ಣನ ದಿನವೆಂದು ಎತ್ತಿಗೆ ನೊಗ ಹೂಡುತ್ತಿರಲಿಲ್ಲ.

ಮೇಷ್ಟ್ರು ಅವರ ಜಗುಲಿಯ ಮೇಲೆ ಕುಳಿತು ದೇವರ ಹತ್ತು ಕಟ್ಟಳೆಗಳನ್ನು ವಿವರಿಸಿದರು. ಏಳನೆಯ ದಿನ ಮನೆಯವರು, ಆಳುಗಳು, ದನಕರು ಎಲ್ಲರಿಗೂ ಬಿಡುವು ಇರಬೇಕು, ನಾವು ಅದನ್ನು ಭಾನುವಾರ ಆಚರಿಸುತ್ತೇವೆ ಎಂದರು. ಪ್ರಭುಸ್ವಾಮಿ ಆಳುಗಳ ಮಾತು ಬಂದಾಗ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ದನಕರು ಎಂದ ಕೂಡಲೇ ಎದ್ದು ನಿಂತರು. ಬೇರೆ ಮತದ ದೇವರೂ ಬಸವನ ಮೇಲೆ ಇಷ್ಟು ಗೌರವ ಇಟ್ಟಿರುವುದು ತಮಗೆ ಗೊತ್ತೇ ಇರಲಿಲ್ಲ ಎಂದು ಕೈಮುಗಿದರು. ಆ ವಾರದಿಂದಲೇ ಎತ್ತುಗಳಿಗೆ ಭಾನುವಾರವೂ ರಜೆ ಸಿಕ್ಕಿತು.

ಎತ್ತಿಗೆ ಎರಡು ದಿನ ರಜೆಯಾದ ಮೇಲೆ ಗಾಡಿಯ ಕೆಲಸ ಯಾರಾದರೂ ಮಾಡಲೇಬೇಕಲ್ಲ. ಭಾನುವಾರದ ಸೊಪ್ಪು, ಗೊಬ್ಬರ ಎಲ್ಲ ಹೆಂಗಸರ ತಲೆಯ ಮೇಲೆ ಬಂತು. ಎತ್ತುಗಳು ಹುಣಸೆಮರದ ಕೆಳಗೆ ಮೆಲುಕು ಹಾಕುತ್ತ, ಹೊತ್ತು ಸಾಗುವವರನ್ನು ನೋಡುತ್ತಿದ್ದವು.

ಮುಂದಿನ ಭಾನುವಾರ ಸೊಪ್ಪು ಕೊಯ್ಯುವವರಲ್ಲಿ ಹಿರಿಯಳಾದ ಚಿಕ್ಕನಿಂಗಮ್ಮ ಉಳಿದವರನ್ನೂ ಕರೆದುಕೊಂಡು ಪೂಜೆ ಮುಗಿಯುವ ಹೊತ್ತಿಗೆ ಚರ್ಚಿನ ಬಾಗಿಲಿಗೆ ಬಂದಳು.

“ಮೇಷ್ಟ್ರೇ, ನಮ್ಮನ್ನೂ ಎತ್ತು ಅಂತ ಒಂದು ಕಾಗ್ದದಲ್ಲಿ ಬರ್ಕೊಟ್ಬುಡಿ” ಎಂದಳು.

ಮೇಷ್ಟ್ರಿಗೆ ನಗು ಬರಲಿಲ್ಲ. ಮನುಷ್ಯರಿಗೆ ಎತ್ತಿನ ಸ್ಥಾನ ಕೊಡಲು ದೈವಶಾಸ್ತ್ರದಲ್ಲಿ ಅವಕಾಶವಿದೆಯೇ ಎಂದು ಮೂರು ವಾರ ಓದಿದರು. ಇಲ್ಲವೆಂದು ಖಚಿತವಾಯಿತು. ಆದರೆ ಕಟ್ಟಳೆಯಲ್ಲಿ ಆಳುಗಳ ಹೆಸರು ದನಕ್ಕಿಂತ ಮೊದಲೇ ಬರುತ್ತದೆ ಎಂಬುದನ್ನು ಗುರುತು ಹಾಕಿಕೊಂಡು ಮತ್ತೆ ಜಗುಲಿಗೆ ಹೋದರು.

ಪ್ರಭುಸ್ವಾಮಿ ಸಮಾಧಾನದಿಂದಲೇ ಕೇಳಿಸಿಕೊಂಡರು. ತಮ್ಮ ಅಡ್ಡಿ ಏನೂ ಇಲ್ಲ, ಆದರೆ ಹುಳು ಹಗಲೂ ರಾತ್ರಿ ಮೇಯುತ್ತದೆ, ಅದಕ್ಕೆ ಭಾನುವಾರ ಗೊತ್ತಿಲ್ಲ ಎಂದರು. “ಹುಳ ಒಪ್ಕಂಡ್ರೆ ನಾನೂ ಒಪ್ಕಂಡಂಗೆ ಮೇಷ್ಟ್ರೇ. ಬೇಕಾರೆ ಓಗಿ ಕೇಳಿ.”

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗಿ ಮನೆಗೆ ಹೋಗುತ್ತಿದ್ದರು. ಮೇಷ್ಟ್ರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಹುಳು ಮನೆಯೊಳಗೆ ಹೋದರು. ಹಿಂದೆ ಪ್ರಭುಸ್ವಾಮಿ, ಅವರ ಹಿಂದೆ ಹೆಂಗಸರು.

ಹುಳುಗಳು ಅಂದು ಜ್ವರಕ್ಕೆ ಕುಳಿತಿದ್ದವು. ಪೊರೆ ಬಿಡುವ ಮುನ್ನ ಅವು ಮೇವು ಬಿಟ್ಟು ಸುಮ್ಮನಾಗುತ್ತವೆ. ಆ ಸೀಮೆಯ ರೇಷ್ಮೆಯವರು ಅದನ್ನು ಜ್ವರ ಎನ್ನುತ್ತಾರೆ. ಬಿದಿರಿನ ಅಗಲ ತಟ್ಟೆತಟ್ಟೆಯಲ್ಲೂ ಸಾವಿರಾರು ಹುಳುಗಳು ತಲೆ ಮೇಲೆತ್ತಿ, ಅಲುಗದೆ ನಿಂತಿದ್ದವು. ಮೇಷ್ಟ್ರು ಕಟ್ಟಳೆಯನ್ನು ಗಟ್ಟಿಯಾಗಿ ಓದಿದರು. ಒಂದು ಹುಳುವೂ ಮಿಸುಕಲಿಲ್ಲ.

ಪ್ರಭುಸ್ವಾಮಿ ಹುಟ್ಟಿದಾಗಿನಿಂದ ಹುಳು ಜ್ವರಕ್ಕೆ ಕೂರುವುದನ್ನು ನೋಡಿದವರು. ಆದರೂ ಓದುತ್ತಿರುವಾಗ ಅಷ್ಟೊಂದು ತಲೆಗಳು ಒಟ್ಟಿಗೆ ಎದ್ದು ನಿಂತಿದ್ದನ್ನು ಕಂಡು, ಹುಳು ಒಪ್ಪಿಕೊಂಡಿತೆಂದೇ ಅವರಿಗೆ ಅನ್ನಿಸಿತು. ಮಾತು ಕೊಟ್ಟಾಗಿತ್ತು, ಸಾಕ್ಷಿಗಳೂ ಇದ್ದರು. ಹುಳು ಜ್ವರಕ್ಕೆ ಕುಳಿತಾಗಲೆಲ್ಲ ಕೂಲಿ ಹಿಡಿಯದೆ ರಜೆ ಎಂದು ಹೊರಗೆ ಬಂದು ಹೇಳಿದರು.

ಒಂದು ಬೆಳೆಯಲ್ಲಿ ಹುಳುವಿಗೆ ನಾಲ್ಕು ಜ್ವರ. ಹೆಂಗಸರಿಗೆ ನಾಲ್ಕು ರಜೆ. ಮುಂದಿನ ಬೆಳೆಯಿಂದ ಚಿಕ್ಕನಿಂಗಮ್ಮ ಹುಳುವಿಗೆ ಬೇಗ ಜ್ವರ ಬರಲೆಂದು ಮಾದಪ್ಪನಿಗೆ ಹರಕೆ ಹೊತ್ತು, ಚರ್ಚಿನಲ್ಲೂ ಮೇಣದಬತ್ತಿ ಹಚ್ಚಿದಳು. ಫಾದರ್ ಮೇಷ್ಟ್ರನ್ನು ಕರೆಸಿ, ರೋಗ ಬರಲೆಂದು ಬೇಡುವುದು ಯಾವ ಪ್ರಾರ್ಥನೆ ಎಂದು ಕೇಳಿದರು. ಮೇಷ್ಟ್ರು ಆ ಬಗ್ಗೆ ಒಂದು ಹೊಸ ಅಧ್ಯಾಯವನ್ನೇ ಬರೆದರು.

೧೯೯೩ರಲ್ಲಿ ಪ್ರಬಂಧವನ್ನು ಮೈಸೂರಿನಲ್ಲಿ ವಿದ್ವಾಂಸರ ಮುಂದೆ ಓದಿದರು. ವಿಶ್ರಾಂತಿಯ ದಿನವನ್ನು ಹುಳು ಗೊತ್ತುಮಾಡಬಹುದೇ ಎಂದು ಚರ್ಚೆ ಬೆಳೆದು, ಊಟದ ಹೊತ್ತು ಮೀರಿತು, ಕಾಫಿಯ ಹೊತ್ತೂ ಮೀರಿತು. ಯಾರಿಗೂ ವಿಶ್ರಾಂತಿ ಸಿಗಲಿಲ್ಲ. ಮೇಷ್ಟ್ರು ತಲೆ ಸುತ್ತುತ್ತಲೇ ಕೊಳ್ಳೇಗಾಲದ ಕಡೆಯ ಬಸ್ಸು ಹತ್ತಿದರು. ಆದರೂ ಅವರಿಗೆ ಸಂತೋಷವೇ. ತಮ್ಮ ಪ್ರಶ್ನೆ ಅಷ್ಟು ದೊಡ್ಡವರನ್ನು ಹಸಿವಿನಲ್ಲಿ ಕೂರಿಸಿತಲ್ಲ.

ಕೊನೆಯವರೆಗೂ ಅವರು ಆ ಪ್ರಬಂಧವನ್ನು ತಿದ್ದುತ್ತಲೇ ಇದ್ದರು. ೨೦೦೨ರಲ್ಲಿ, ಕಣ್ಣು ಮಂಜಾದ ಮೇಲೆ, ಹುಳು ಜ್ವರಕ್ಕೆ ಕುಳಿತ ಒಂದು ದಿನ ಹಾಳೆಗಳನ್ನು ಎದೆಗವಚಿಕೊಂಡು ತೋಟಕ್ಕೆ ಹೋದರು. ಹೆಂಗಸರು ಮರದ ಕೆಳಗೆ ಕಾಲು ಚಾಚಿ ಮಲಗಿದ್ದರು. ಇದು ನಿಮ್ಮದೇ ವಿಷಯ, ಓದಿ ಹೇಳುತ್ತೇನೆ ಎಂದು ಮೇಷ್ಟ್ರು ಕನ್ನಡಕ ಹಾಕಿಕೊಂಡರು.

“ಇವತ್ತು ಬ್ಯಾಡಿ ಸಾ” ಎಂದಳು ಚಿಕ್ಕನಿಂಗಮ್ಮ, ಕಣ್ಣು ಮುಚ್ಚಿಕೊಂಡೇ. “ರಜ. ಕೇಳದೂ ಕೆಲ್ಸನೇಯ.”

ಮೇಷ್ಟ್ರು ಸ್ವಲ್ಪ ಯೋಚಿಸಿದರು. ಆಕ್ಷೇಪ ಸರಿಯೆನಿಸಿತು. ಹಾಳೆಗಳನ್ನು ತಲೆದಿಂಬಿನಂತೆ ಮಡಿಸಿಟ್ಟು ಅವರೂ ಅಲ್ಲೇ ಉರುಳಿಕೊಂಡರು.