ರಂಗಸ್ವಾಮಿಯ ಒಪ್ಪತ್ತು

ಕೊರೋನಾ ಗಲಾಟೆ ಮುಗಿದು ಬಸ್ಸು ರೈಲುಗಳು ಮೊದಲಿನಂತೆ ಓಡಾಡತೊಡಗಿದ ಮರುವರ್ಷ ನಾನು ಬಾಣಾವರದ ಹತ್ತಿರ, ಕುಡಿತ ಬಿಡಿಸುವ ಒಂದು ಕೇಂದ್ರದಲ್ಲಿ ಅಡುಗೆಯವಳಾಗಿದ್ದೆ. ಅದಕ್ಕೂ ಮೊದಲು ಬೇಲೂರಿನ ಬಸ್ ಸ್ಟ್ಯಾಂಡ್ ಬಳಿಯ ಹೋಟೆಲಿನಲ್ಲಿ ಬಹಳ ವರ್ಷ ಇಡ್ಲಿ ಬೇಯಿಸಿದವಳು. ಹೋಟೆಲಿಗೆ ಜನ ಹಸಿದು ಬರುತ್ತಾರೆ, ತಿಂದು ಹೋಗುತ್ತಾರೆ. ಕೇಂದ್ರದಲ್ಲಿ ಹಾಗಲ್ಲ. ಬಂದ ಗಂಡಸಿಗೆ ಮೊದಮೊದಲು ಅನ್ನ ಕಂಡರೆ ವಾಕರಿಕೆ. ತಟ್ಟೆ ಹಿಡಿದ ಕೈ ನಡುಗಿ ಸಾರೆಲ್ಲ ಅಂಗಿಯ ಮೇಲೆ. ಇದನ್ನು ನಮ್ಮ ಸಿಸ್ಟರ್ ಶೈಲಜಾ ‘ಡಿಟಾಕ್ಸ್’ ಎನ್ನುತ್ತಿದ್ದರು, ಅಂದರೆ ಕುಡಿದದ್ದೆಲ್ಲ ಮೈಯಿಂದ ಇಳಿಯುವ ಕಾಲ. ಆಗ ಡಾಕ್ಟರದು ಇಂಜೆಕ್ಷನ್ನು, ಮಾತ್ರೆ. ನನ್ನದು ಗಂಜಿ.

ಅದು ಕಳೆದ ಮೇಲೆ ಹಸಿವು ಶುರುವಾಗುತ್ತದೆ. ಅಂಥಿಂಥ ಹಸಿವಲ್ಲ. ಅದರಲ್ಲೂ ಸಿಹಿಗೆ ಹಾತೊರೆಯುತ್ತಾರೆ. ಮೀಸೆ ಹೊತ್ತ ಗಂಡಸರು ಬೆಲ್ಲದ ಡಬ್ಬಿಯ ಸುತ್ತ ಮಕ್ಕಳ ಹಾಗೆ ಸುಳಿಯುವುದನ್ನು ನೋಡಿ ನಾನು ಡಬ್ಬಿಯನ್ನೇ ಅಟ್ಟಕ್ಕೇರಿಸಿದ್ದೆ. ಸಿಸ್ಟರ್ ಇಳಿಸಿದರು. ಕುಡಿತದಿಂದ ಸಿಗುತ್ತಿದ್ದ ಕಸುವು ನಿಂತಾಗ ಮೈ ಸಕ್ಕರೆ ಕೇಳುತ್ತದೆ, ಶುರುವಿನಲ್ಲಿ ಸ್ವಲ್ಪ ಕೊಟ್ಟರೆ ತಪ್ಪಿಲ್ಲ ಎಂದರು. ಕುಡಿಯಬೇಕೆಂಬ ಆಸೆ ಒಮ್ಮೆಲೇ ನುಗ್ಗಿ ಬರುವುದಕ್ಕೆ ಅವರು ‘ಕ್ರೇವಿಂಗ್’ ಎಂಬ ಮಾತು ಬಳಸುತ್ತಿದ್ದರು. ಅದು ಬಂದಾಗ ಬಾಯಿಗೆ ಹಾಕಿಕೊಳ್ಳಲು ಎಲ್ಲರ ಜೇಬಿಗೂ ಎರಡು ತುಂಡು ಕಡಲೆ ಮಿಠಾಯಿ.

ರಂಗಸ್ವಾಮಿ ಆ ವರ್ಷ ಬಂದವನು. ಅರಸೀಕೆರೆಯ ಆಚೆ ಗಂಡಸಿ ಎಂಬ ಊರಿನ ಕಡೆಯ ಹಳ್ಳಿಯವನು, ನಲವತ್ತರ ಆಸುಪಾಸು. ತೆಂಗಿನ ಮರ ಹತ್ತಿ ಕಾಯಿ ಕೀಳುವುದು ಅವನ ಕಸುಬು. ಅವನನ್ನು ಹೆಂಡತಿ ಸಾವಿತ್ರಿ ಕೈಹಿಡಿದು ಕರೆತಂದಾಗ ಒಣಗಿದ ತೆಂಗಿನ ಗರಿಯ ಹಾಗಿದ್ದ. ಮೂಳೆಗೆ ಚರ್ಮ ಅಂಟಿಸಿದಂತೆ. ಕುಡಿದು ಮರ ಹತ್ತುತ್ತಾನೆಂದು ತೋಟದವರು ಕರೆಯುವುದನ್ನೇ ಬಿಟ್ಟಿದ್ದರು. ನೆಂಟರ ಮನೆಯ ಮದುವೆಯಲ್ಲಿ ಅವನಿಗೆ ಊಟ ಹೊರಗೆ, ಚಪ್ಪಲಿ ಬಿಡುವಲ್ಲಿ.

ಕೇಂದ್ರದಲ್ಲಿ ಇರಬೇಕಾದಷ್ಟು ದಿನ ಇದ್ದು ಅವನು ಊರಿಗೆ ಹೋದ. ಆಮೇಲೆ ಭಾನುವಾರಗಳಂದು ‘ಫಾಲೋಅಪ್’ಗೆ ಬರುತ್ತಿದ್ದ. ಬಿಟ್ಟವರು ಹೆಂಡತಿಯರೊಂದಿಗೆ ಬಂದು ಕೂತು, ವಾರ ಹೇಗೆ ಹೋಯಿತೆಂದು ಸಿಸ್ಟರ್ ಮುಂದೆ ಹೇಳಿ, ನನ್ನ ಕೈಯ ಊಟ ಮಾಡಿ ಹೋಗುವ ಏರ್ಪಾಡು ಅದು. ಬರುಬರುತ್ತಾ ರಂಗಸ್ವಾಮಿ ಮೈ ತುಂಬಿಕೊಂಡ. ನಂತರ ಉಬ್ಬಿದ. ಅಂಗಿಯ ಗುಂಡಿಗಳ ನಡುವೆ ಬನಿಯನ್ ಇಣುಕತೊಡಗಿತು.

“ಏನೋ ರಂಗ, ಬಸುರಿ ಹೆಂಗಸಿನಂಗೆ ಆಗಿದ್ದೀಯಲ್ಲೋ” ಎಂದೆ ಬಡಿಸುತ್ತಾ.

“ಎಲ್ಲಾ ಕರೀತಾರೆ ಕಣಜ್ಜಿ” ಎಂದ. “ಹೋದ್ರೆ ತುಪ್ಪ ಹಾಕ್ತಾರೆ.”

ಸಾವಿತ್ರಿ ಬಿಡಿಸಿ ಹೇಳಿದಳು. ರಂಗ ಕುಡಿಯೋದು ಬಿಟ್ಟನಂತೆ ಎಂಬ ಸುದ್ದಿ ಊರೆಲ್ಲ ಆಗಿ, ಒಂದೊಂದು ಮನೆಯವರೂ ಕರೆದು ಒಳಗೆ ಮಣೆ ಹಾಕಿ ಕೂರಿಸುತ್ತಿದ್ದರು. ಇವರ ಮನೆ ಹೋಳಿಗೆ, ಅವರ ಮನೆ ಪಾಯಸ. ನಮ್ಮ ಕಡೆ ಕರೆದು ಬಡಿಸಿದ ಮನೆಯಲ್ಲಿ ಸಾಕು ಎಂದರೆ ಇನ್ನೊಂದು ಬೀಳುತ್ತದೆ, ಬೇಡ ಎಂದರೆ ಮುಖ ಸಪ್ಪಗಾಗುತ್ತದೆ. ಬೇರೆಯವರಾಗಿದ್ದರೆ ಏನೋ ನೆಪ ಹೇಳಿ ತಪ್ಪಿಸಿಕೊಂಡಾರು. ಚಪ್ಪಲಿಯ ಪಕ್ಕ ಕೂತು ಉಂಡವನು ಒಳಗಿನ ಮಣೆಯ ಮೇಲೆ ಕೂತು ಬೇಡ ಅನ್ನುತ್ತಾನೆಯೇ? ಅವನು ತಿನ್ನುತ್ತಿದ್ದದ್ದು ಹೋಳಿಗೆಯನ್ನಲ್ಲ, ಮರ್ಯಾದೆಯನ್ನು. ಮನೆಯಲ್ಲಿದ್ದಾಗ ಕಡಲೆ ಮಿಠಾಯಿ, ಬೇಕರಿ ಬನ್ನು, ಸಂಜೆಗೆ ಬೋಂಡ. ಎರಡು ತುಂಡು ಎಂದು ಸಿಸ್ಟರ್ ಹೇಳಿದ್ದು ಪೊಟ್ಟಣಗಟ್ಟಲೆ ಆಗಿತ್ತು.

ಮೈ ಬಂದರೆ ಬರಲಿ, ಕುಡಿತ ಬಿಟ್ಟನಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಇವನು ಮರ ಹತ್ತುವವನು. ತೋಟದವರೊಬ್ಬರು ನಂಬಿ ಮತ್ತೆ ಕೆಲಸಕ್ಕೆ ಕರೆದರು. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಹತ್ತಿದವನು ಅರ್ಧ ಮರದಲ್ಲಿ ಏದುಸಿರು ಬಿಟ್ಟು, ಮರ ತಬ್ಬಿಕೊಂಡು ಜಾರಿ ಇಳಿದ. ಎದೆ, ತೊಡೆ ಎಲ್ಲ ತರಚಿತು.

ಕೆಳಗಿದ್ದ ತೋಟದವರು ನಕ್ಕು, “ಲೋ ರಂಗ, ಕುಡಿದಾಗಾದ್ರೂ ಮರ ಹತ್ತುತಿದ್ದೆ ಕಣ್ಲಾ” ಅಂದರಂತೆ.

ತಮಾಷೆಗೆ ಅಂದದ್ದೇ ಇರಬಹುದು. ಆದರೆ ಆ ಮಾತು ಇವನಿಗೆ ತಾಗಬಾರದ ಕಡೆ ತಾಗಿತು. ಮನೆಗೆ ಹೋದವನೇ ದೇವರ ಮುಂದೆ ನಿಂತು ಹರಕೆ ಹೊತ್ತ. ಮತ್ತೆ ಮರದ ತುದಿ ಮುಟ್ಟಿ ಕಾಯಿ ಇಳಿಸುವವರೆಗೆ ಒಪ್ಪತ್ತು. ಅಂದರೆ ದಿನಕ್ಕೆ ಒಂದೇ ಊಟ, ಮಧ್ಯಾಹ್ನ. ಮಿಕ್ಕಂತೆ ನೀರು. ಅವನ ತಾಯಿ ನಿಂಗಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಬಾಟಲಿ ಹಿಡಿದ ಮಗ ವ್ರತ ಹಿಡಿದನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ವ್ರತವೆಂದರೆ ಕರೆಯುವವರೂ ಸುಮ್ಮನಾದರು. ಎಲ್ಲಕ್ಕೂ ಒಂದೇ ಔಷಧಿ ಸಿಕ್ಕಿತೆಂದು ಮನೆಯವರ ಲೆಕ್ಕ.

ಮೈ ಇಳಿಯಿತು, ಇಲ್ಲವೆನ್ನುವುದಿಲ್ಲ. ಭಾನುವಾರ ಬಂದಾಗ ಎಲ್ಲರೂ ಬೆನ್ನು ತಟ್ಟಿದರು. ನಾನು ಬಡಿಸುವವಳು, ಮುಖ ನೋಡುವ ಮೊದಲು ಕೈ ನೋಡುತ್ತೇನೆ. ಅವನ ಕೈ ಮತ್ತೆ ನಡುಗುತ್ತಿತ್ತು. ಮುದ್ದೆ ಮುರಿಯುವುದಕ್ಕೂ ತಾಳ್ಮೆಯಿಲ್ಲದೆ ಹಾಗೇ ಕಚ್ಚಿ ನುಂಗುತ್ತಿದ್ದ. ಮುದ್ದೆಯನ್ನು ಯಾರಾದರೂ ಕಚ್ಚಿ ತಿನ್ನುತ್ತಾರೆಯೇ? ನೀರು ಕೊಡಲು ಬಂದ ಸಾವಿತ್ರಿಯ ಮೇಲೆ ಸಿಡುಕಿದ.

ತಟ್ಟೆ ತೊಳೆಯುವಲ್ಲಿ ಹಿಡಿದು ಕೇಳಿದೆ. “ಕುಡಿದ್ಯೇನೋ?”

“ಇಲ್ಲ ಅಜ್ಜಿ, ನಿಮ್ಮಾಣೆ ಇಲ್ಲ.” ಆಮೇಲೆ ದನಿ ತಗ್ಗಿಸಿ, “ಸಂಜೆ ಆಯ್ತಾ ಬಂದಂಗೆ ಹೊಟ್ಟೇಲಿ ಏನೋ ಕಿತ್ತಂಗಾಗ್ತೈತೆ. ವೈನ್ ಶಾಪ್ ಮುಂದೆ ಕಾಲು ತಾನೇ ನಿಂತ್ಕೊತವೆ. ಮನೇಲಿ ಹೇಳ್ಬೇಡಿ” ಎಂದ.

ಮನೆಯವರಿಗೆ ಹೇಳಲಿಲ್ಲ. ಸಿಸ್ಟರಿಗೆ ಹೇಳಿದೆ. ಅವರು ಅವನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಕುಡಿತ ಬಿಟ್ಟ ಹೊಸದರಲ್ಲಿ ಹಸಿವು ಯಾವುದು, ಕುಡಿಯುವ ಆಸೆ ಯಾವುದು ಎಂದು ಮೈಗೇ ಗೊತ್ತಾಗುವುದಿಲ್ಲ. ಎರಡೂ ಒಂದೇ ಅಂಗಿ ಹಾಕಿಕೊಂಡು ಬರುತ್ತವೆ. ಆದ್ದರಿಂದ ಈಗ ಹೊಟ್ಟೆ ಖಾಲಿ ಬಿಡಬಾರದು, ಮೈ ಇಳಿಸುವುದು ನಿಧಾನಕ್ಕೆ ನೋಡೋಣ ಎಂದರು. ಅವನು ತಲೆಯಾಡಿಸಿದ. ಆದರೆ ಹರಕೆಯನ್ನು ಹೇಗೆ ಬಿಡುವುದು? ಅದನ್ನು ಮುರಿದರೆ ದೇವರು ಮತ್ತೆ ಬಾಟಲಿ ಹಿಡಿಸುತ್ತಾನೆಂದು ಅವನ ಭಯ. ನಿಂಗಮ್ಮನ ಭಯವೂ ಅದೇ.

ಮುಂದಿನ ಭಾನುವಾರ ಸಾವಿತ್ರಿ ಒಬ್ಬಳೇ ಬಂದಳು. ಬಾಗಿಲಲ್ಲೇ ನಿಂತು ಅತ್ತಳು. ರಂಗ ಬೆಳಿಗ್ಗೆ ಒಂದು ಬ್ರಾಂದಿ ಪ್ಯಾಕೆಟ್ ತಂದಿದ್ದಾನೆ, ಕುಡಿದಿಲ್ಲ, ಬಚ್ಚಲ ಪಕ್ಕದ ಕಲ್ಲಿನ ಮೇಲೆ ಅದನ್ನಿಟ್ಟುಕೊಂಡು ಕೂತಿದ್ದಾನೆ, ಮಾತಾಡಿಸಿದರೆ ಬಯ್ಯುತ್ತಾನೆ ಎಂದಳು. ಸಿಸ್ಟರಿಗೆ ಭಾನುವಾರದ ಫಾಲೋಅಪ್ ಬಿಟ್ಟು ಬರುವಂತಿರಲಿಲ್ಲ. ನಡುನಡುವೆ ಫೋನಿನಲ್ಲಿ ಅವನೊಂದಿಗೆ ಮಾತಾಡುತ್ತಾ ಇರುತ್ತೇನೆ, ನೀವು ಹೋಗಿ ಮೊದಲು ಊಟ ಮಾಡಿಸಿ ಎಂದು ನನ್ನನ್ನು ಕಳಿಸಿದರು. ಅರಸೀಕೆರೆಯಲ್ಲಿ ಬಸ್ಸು ಬದಲಿಸಿ, ಗಂಡಸಿಯಿಂದ ಆಟೋ ಹಿಡಿದು, ಬಿಸಿಲು ಇಳಿಯುವ ಹೊತ್ತಿಗೆ ಅವರ ಮನೆ ಮುಟ್ಟಿದೆವು.

ಅವನು ಹಾಗೆಯೇ ಕೂತಿದ್ದ. ಫೋನು ಕಿವಿಯಲ್ಲಿ, ಕಣ್ಣು ಪ್ಯಾಕೆಟ್ಟಿನ ಮೇಲೆ. ಆ ದಿನ ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. ನಾನು ಅವನನ್ನು ಮಾತಾಡಿಸದೆ ನೇರ ಒಳಗೆ ಹೋಗಿ ಒಲೆ ಹಚ್ಚಿದೆ. ರಾಗಿ ಹಿಟ್ಟಿತ್ತು. ಬೆಳಗಿನ ಸೊಪ್ಪಿನ ಸಾರಿತ್ತು. ಎಸರು ಕುದಿಯುವಷ್ಟರಲ್ಲಿ ನಿಂಗಮ್ಮ ಅಡ್ಡ ಬಂದಳು.

“ಹೊತ್ತು ಮುಳುಗ್ತೈತೆ. ಒಪ್ಪತ್ತಿನೋನಿಗೆ ಈಗ ಉಣ್ಣಾಕೆ ಇಕ್ಕೀರಾ? ನೀವ್ಯಾರ್ರೀ ನಮ್ಮ ಹರಕೆ ಮುರಿಯೋಕೆ?”

“ನಾನು ಅಡುಗೆಯೋಳು. ನಿಮ್ಮ ಮಗ ಹಸಿದವ್ನೆ.”

“ದೇವ್ರು ಸುಮ್ಕಿರ್ತಾನಾ?”

“ಆಚೆ ಕಲ್ಲಿನ ಮೇಲೆ ಪ್ಯಾಕೆಟ್ಟು ಕೂತೈತಲ್ಲ, ಅದು ಸುಮ್ಕಿರ್ತದಾ? ಹೋಗಿ ಕೇಳ್ಕಂಡ್ ಬನ್ನಿ.”

ನಿಂಗಮ್ಮ ಬಾಗಿಲ ಬಳಿ ನಿಂತು ಮಗನನ್ನು ನೋಡಿದಳು. ನಾನು ಮುದ್ದೆ ತೊಳಸುತ್ತಿದ್ದೆ, ಕೋಲು ಬಿಡುವಂತಿರಲಿಲ್ಲ. ನಮ್ಮ ಕಡೆ ಒಂದು ಪದ್ಧತಿಯಿದೆ. ಮಗುವಿಗೆ ಹೊತ್ತ ಹರಕೆಯನ್ನು ತಾಯಿ ತೀರಿಸಬಹುದು, ಮಂಡಿ ನೋವಿನ ಅತ್ತೆಯ ಹೆಜ್ಜೆ ನಮಸ್ಕಾರವನ್ನು ಸೊಸೆ ಹಾಕಬಹುದು. ಮನೆಯ ಹರಕೆ ಮನೆಯೊಳಗೆ ತೀರಿದರೆ ದೇವರು ಒಪ್ಪುತ್ತಾನೆ ಎಂದು ನಂಬಿಕೆ. ಇದನ್ನು ನಾನು ಹೇಳಿಕೊಡಲಿಲ್ಲ. ಮುದುಕಿಗೇ ಹೊಳೆಯಿತು.

ದೇವರ ಪಟದ ಮುಂದೆ ಹೋಗಿ ದೀಪ ಹಚ್ಚಿ, ಪಕ್ಕದ ಮನೆಯವರೊಂದಿಗೆ ಜಗಳಕ್ಕೆ ನಿಂತ ದನಿಯಲ್ಲಿ, “ನೋಡಪ್ಪ, ಇವತ್ತಿಂದ ಅವನ ಒಪ್ಪತ್ತು ನಂದು. ಅವನು ಮರ ಹತ್ತೋಗಂಟ ನಾನೊಂದೊತ್ತು ಉಣ್ತೀನಿ. ಏನಾರ ಇದ್ರೆ ನನ್ನ ಕೇಳು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಇಕ್ಕಕ್ಕಯ್ಯ” ಎಂದಳು.

ತಟ್ಟೆಯನ್ನು ತಂದು ಅವನ ಮುಂದೆ ಇಟ್ಟೆ. “ಉಣ್ಣು. ಆ ಪ್ಯಾಕೆಟ್ ಎಲ್ಲಿಗೂ ಓಡ್ಹೋಗಲ್ಲ.”

“ಹರಕೆ?”

“ನಿಮ್ಮವ್ವ ಇಸ್ಕಂಡ್ಳು.”

ಅವನು ಫೋನು ಕೆಳಗಿಟ್ಟು ತಾಯಿಯ ಮುಖ ನೋಡಿದ. ಆಕೆ “ಆರೋಗ್ತೈತೆ” ಎಂದಳು ಅಷ್ಟೇ. ಮೊದಲ ಮುದ್ದೆ ಗಬಗಬ ಹೋಯಿತು. ಎರಡನೆಯದನ್ನು ಮುರಿದು, ಸಾರಿನಲ್ಲಿ ಅದ್ದಿ, ಮನುಷ್ಯರ ಹಾಗೆ ಉಂಡ. ಕೈ ನಡುಕ ನಿಂತಿತು. ಮಜ್ಜಿಗೆ ಕುಡಿದು, ಕೈ ತೊಳೆಯಲು ಎದ್ದವನು ಪ್ಯಾಕೆಟ್ಟನ್ನು ತಾನೇ ಎತ್ತಿ ಸಾವಿತ್ರಿಯ ಕೈಗೆ ಕೊಟ್ಟ. ಅವಳು ಕತ್ತರಿಸಿ ಬಚ್ಚಲಿಗೆ ಸುರಿದಳು. ವಾಸನೆ ಬಂತು. ಮೇಲೊಂದು ಚೊಂಬು ನೀರು ಹುಯ್ದಳು.

ಕೇಂದ್ರಕ್ಕೆ ವಾಪಸು ಬಂದು ವರದಿ ಒಪ್ಪಿಸಿದಾಗ ಸಿಸ್ಟರ್ ನನ್ನನ್ನು ಗದರಿದರು. “ಪ್ಯಾಕೆಟ್ ಓಡ್ಹೋಗಲ್ಲ ಅಂದ್ರಾ ಅಜ್ಜಿ? ಮೊದಲು ಅದನ್ನ ಅಲ್ಲಿಂದ ತೆಗೆಸ್ಬೇಕಿತ್ತು.” ಅವರು ಹೇಳಿದ್ದು ಸರಿ. ಎಲ್ಲರ ಮುಂದೆಯೂ ಅಂಥ ಮಾತು ನಡೆಯುವುದಿಲ್ಲ.

ನಂತರ ಅವನ ಊಟದ ಕ್ರಮವನ್ನು ಸಿಸ್ಟರೇ ಹಾಕಿಕೊಟ್ಟರು. ಡಾಕ್ಟರು ಸಕ್ಕರೆ ಕಾಯಿಲೆಗೆ, ಯಕೃತ್ತಿಗೆ ರಕ್ತ ಪರೀಕ್ಷೆ ಮಾಡಿಸಿದರು. ಮೂರು ಹೊತ್ತು ಉಣ್ಣಬೇಕು. ಮೊದಲು ಕುಡಿಯಲು ಹೊರಡುತ್ತಿದ್ದ ಸಂಜೆಯ ಹೊತ್ತಿಗೆ ಸರಿಯಾಗಿ, ಬೇಯಿಸಿದ ಹುರುಳಿಯನ್ನೋ ಕಡಲೆಯನ್ನೋ ಒಂದು ಬಟ್ಟಲು ತಿನ್ನಬೇಕು. ಬೋಂಡ ಬನ್ನು ಹಬ್ಬಕ್ಕೆ. ಮಿಠಾಯಿ ಎರಡು ತುಂಡೇ, ಅದೂ ಸಾವಿತ್ರಿಯ ಕೈಯಿಂದ. ನೆಂಟರು ಕರೆದರೆ ಏನು ಮಾಡುವುದು ಎಂದು ಅವನು ಕೇಳಿದ. ಆ ಪ್ರಶ್ನೆ ನನ್ನ ಕಡೆ ಬಂತು. ಒಳಗೆ ಹೋಗು, ಮಣೆಯ ಮೇಲೆ ಕೂರು, ಒಂದು ಲೋಟ ಮಜ್ಜಿಗೆ ಕೇಳಿ ಕುಡಿ ಎಂದೆ. ಮರ್ಯಾದೆ ಕೊಡುವವರಿಗೆ ಮಜ್ಜಿಗೆಯಲ್ಲೂ ಕೊಡಲು ಬರುತ್ತದೆ.

ಮರ ಹತ್ತುವ ಆತುರ ಬೇಡವೆಂದು ಡಾಕ್ಟರು ತಡೆದಿದ್ದರು. ಅದೇ ತೋಟದಲ್ಲಿ ಕಾಯಿ ಸುಲಿಯುವ ಕೆಲಸಕ್ಕೆ ನಿಂತ. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸಿಪ್ಪೆ ಬಿಡಿಸುವುದು ಸೊಂಟ ಮುರಿಯುವ ಕೆಲಸ. ಮೈ ಇಳಿಯಿತು, ಆದರೆ ಒಪ್ಪತ್ತಿನಲ್ಲಿ ಇಳಿದಂತೆ ಅಲ್ಲ. ಯಾರಿಗೂ ಗೊತ್ತಾಗದ ಹಾಗೆ, ನಿಧಾನಕ್ಕೆ. ಒಂದು ಭಾನುವಾರ ಗುಂಡಿಗಳ ನಡುವೆ ಬನಿಯನ್ ಕಾಣಲಿಲ್ಲ, ಅಷ್ಟೇ. ಮಧ್ಯೆ ಹಬ್ಬದಲ್ಲಿ ಮತ್ತೆ ಸ್ವಲ್ಪ ಏರಿತು. ಬೈದೆ. ಇಳಿಯಿತು.

ನಿಂಗಮ್ಮ ಮಾತ್ರ ಒಪ್ಪತ್ತು ಬಿಡಲಿಲ್ಲ. ವಯಸ್ಸಾದವಳು, ಬೇಡವೆಂದು ಸಿಸ್ಟರ್ ಹೇಳಿ ಕಳಿಸಿದರೂ ಕೇಳಲಿಲ್ಲ. ಕೊನೆಗೆ ರಾತ್ರಿ ಒಂದು ಲೋಟ ಹಾಲಿಗೆ ಒಪ್ಪಿದಳು. ಹಾಲಿಗೆ ಹರಕೆಯ ಬಾಧಕವಿಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡಳು.

ಈ ಕೆಲಸ ನನಗೆ ಕಲಿಸಿದ್ದು ದೊಡ್ಡ ವೇದಾಂತವೇನಲ್ಲ. ಕುಡಿತ ಬಿಟ್ಟ ಗಂಡಸನ್ನು ಮನೆಯವರು ಒಂದೋ ಹಬ್ಬದ ಹೋರಿಯ ಹಾಗೆ ಮೇಯಿಸುತ್ತಾರೆ, ಇಲ್ಲವೇ ಸನ್ಯಾಸಿಯ ಹಾಗೆ ಉಪವಾಸ ಕೆಡವುತ್ತಾರೆ. ಅವನು ಎರಡೂ ಅಲ್ಲ. ಹೊತ್ತು ಹೊತ್ತಿಗೆ ಸಾಧಾರಣ ಊಟ ಬೇಕಾದ ಸಾಧಾರಣ ಮನುಷ್ಯ. ತೂಕ ಕಾಯುತ್ತದೆ. ಸಂಜೆಯ ಹಸಿವು ಕಾಯುವುದಿಲ್ಲ.

ಒಂದು ಭಾನುವಾರ ರಂಗಸ್ವಾಮಿ ಒಂದು ಗೊನೆ ಎಳನೀರು ತಂದು ನನ್ನ ಅಡುಗೆಮನೆಯ ಬಾಗಿಲಲ್ಲಿಟ್ಟ. ಇವನ್ನು ಯಾರು ಕಿತ್ತದ್ದು ಎಂದು ನಾನು ಕೇಳಲಿಲ್ಲ, ತರಚಿದ ಮುಂಗೈ ಕಂಡಿತು.

“ನಿಮ್ಮವ್ವ ಉಂಡ್ಳಾ?” ಎಂದೆ.

“ನಿನ್ನೆ ಸಂಜೆ ಉಂಡ್ಳು ಅಜ್ಜಿ” ಎಂದ. “ಉಂಡು, ಮುದ್ದೆ ಗಂಟಾಗೈತೆ ಅಂತ ಸಾವಿತ್ರಿಗೆ ಬೈದ್ಳು.”