ಬೋರಮ್ಮನದು ಕೆಲಸ, ರಂಗಕ್ಕನದು ಕೈಗುಣ

ಆಗಷ್ಟೇ ಬೆಳಕು ಹರಿಯುತ್ತಿದೆ. ನೊಣವಿನಕೆರೆ ಹತ್ತಿರದ ಗಂಗಾಧರಯ್ಯನವರ ತೋಟದ ಮನೆಯಲ್ಲಿ ವರ್ಷದಿಂದ ಅಟ್ಟದಲ್ಲಿ ಒಣಗಿದ ಕಾಯಿ ಕೆಳಗಿಳಿದಿವೆ. ಕಾಯಿ ಒಡೆಯುವ ಕೂಲಿಗೆ ಬಂದು, ಮಚ್ಚು ಹಿಡಿದು ಕೂತ ಬೋರಮ್ಮ ಸುಮ್ಮನೆ ಕಾಯುತ್ತಿದ್ದಾರೆ. ಮೊದಲ ಕಾಯಿಯನ್ನು ಅವರು ಒಡೆಯುವಂತಿಲ್ಲ. ಅದು ಓರಗಿತ್ತಿ ರಂಗಕ್ಕನ ಪಾಲು. ಯಜಮಾನ ಗಂಗಾಧರಯ್ಯನವರು ರಂಗಕ್ಕನಿಗೆ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಕಾಯಿ ಒಡೆಸುತ್ತಾರೆ. ಬೋರಮ್ಮ ಗೋಡೆ ನೋಡುತ್ತಾರೆ.

ಆಮೇಲೆ ನೋಡಬೇಕು ಬೋರಮ್ಮನ ಕೈಯನ್ನು. ಮಚ್ಚಿನ ಹಿಂಬದಿಯಿಂದ ಸುತ್ತ ನಾಲ್ಕೇಟು, ಚಿಪ್ಪು ಕಳಚಿ ಕೊಬ್ಬರಿ ಉಂಡೆ ಇಡಿಯಾಗಿ ಈಚೆಗೆ. ಇಪ್ಪತ್ತೈದು ವರ್ಷದಿಂದ ದಿನಕ್ಕೆ ಏಳುನೂರು ಕಾಯಿ. ರಂಗಕ್ಕ ಮುನ್ನೂರು ಮುಟ್ಟಿದರೆ ಹೆಚ್ಚು, ಅದರಲ್ಲೂ ಮೂವತ್ತು ಉಂಡೆ ಒಡೆದು ಹೋಳು.

ಆದರೂ ಕೈಗುಣ ರಂಗಕ್ಕನದಂತೆ. ಕೈಗುಣ ಅನ್ನುವುದು ಅರ್ಧ ಹೊಗಳಿಕೆ, ಅರ್ಧ ದೇವರ ಸಮಾಚಾರ. ಒಮ್ಮೆ ಒಬ್ಬರಿಗೆ ಅಂಟಿತೆಂದರೆ ಲೆಕ್ಕ ಕೇಳುವವರಿಲ್ಲ.

"ಅವಳು ಲಗ್ನಾಗಿ ಬಂದ ವರ್ಷ ಕೊಬ್ರಿ ರೇಟು ಏರ್ತು. ನಾನು ಬಂದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರ್ಕಂಡ್ರು. ಅದಕ್ಕೆ ನಾನೇನ್ ಮಾಡ್ಲಿ ಹೇಳಿ" ಎಂದು ಕೇಳುತ್ತಾರೆ ಬೋರಮ್ಮ. ಹೊಟ್ಟೆಕಿಚ್ಚೇ ಎಂದು ನಾನು ಕೇಳಿದರೆ ಮುಚ್ಚಿಡುವುದಿಲ್ಲ. "ಹೂಂ ಕಣ್ರೀ. ಅವಳ ಕೈಗೆ ಕುಂಕುಮ ಇಡೋವಾಗ ನನ್ನ ಹೊಟ್ಟೆ ಧಗಧಗ ಅಂತದೆ. ಸುಳ್ಳ್ಯಾಕೆ?"

ಮಧ್ಯಾಹ್ನ ಮುದ್ದೆ ಉಣ್ಣುವಾಗ, ರಂಗಕ್ಕ ನೀರಿಗೆ ಹೋದದ್ದು ನೋಡಿ, ದನಿ ತಗ್ಗಿಸುತ್ತಾರೆ. ಹೋದ ವರ್ಷ ರಂಗಕ್ಕ ಒಡೆದ ಮೊದಲ ಕಾಯಿ ಒಳಗೆಲ್ಲ ಕೊಳೆತಿತ್ತು. ಮೊದಲ ಕಾಯಿ ಕೆಟ್ಟರೆ ಈ ಮನೆಯಲ್ಲಿ ಆ ದಿನ ಮತ್ತೆ ಕಾಯಿ ಒಡೆಯುವುದಿಲ್ಲ, ಹನ್ನೆರಡು ಹೆಣ್ಣಾಳು ಕೂಲಿಯಿಲ್ಲದೆ ವಾಪಸು. ಯಜಮಾನರು ಕರ್ಪೂರ ಹಚ್ಚಲು ಆ ಕಡೆ ತಿರುಗಿದ್ದರು. ಬೋರಮ್ಮ ಕೊಳೆತದ್ದನ್ನು ಸೆರಗಿನಡಿ ಸೇರಿಸಿ, ನಾಲ್ಕೇಟಿಗೆ ಇನ್ನೊಂದು ಒಡೆದು ರಂಗಕ್ಕನ ತಟ್ಟೆಗಿಟ್ಟರು. ಆ ಸಲ ಇಡೀ ಅಟ್ಟದಲ್ಲಿ ಕೆಟ್ಟದ್ದು ಇಪ್ಪತ್ತು ಕಾಯಿಯೂ ಇಲ್ಲ. ಊರೆಲ್ಲ ರಂಗಕ್ಕನ ಕೈ ಹೊಗಳಿತು.

"ಈಗ ಹೇಳಿ, ಕೈಗುಣ ಯಾರ್ದಾಯ್ತು?"

ಇದನ್ನು ಪೇಪರಿನಲ್ಲಿ ಹಾಕಿದರೆ ಮನೆಯಲ್ಲಿ ಜಗಳವಾಗುವುದಿಲ್ಲವೇ ಎಂದೆ. ಬೋರಮ್ಮ ಕೈ ತೊಳೆದು ಮತ್ತೆ ಮಚ್ಚು ಎತ್ತಿಕೊಂಡರು.

"ಹಾಕ್ರೀ. ರಂಗಿಗೂ ಓದಕ್ಕೆ ಬರಲ್ಲ, ನಂಗೂ ಬರಲ್ಲ. ಯಜಮಾನ್ರು ಓದ್ತಾರೆ. ಬರೋ ವರ್ಷ ಮೊದಲ್ನೇ ಕಾಯಿ ನನ್ನ ಕೈಗೆ ಕೊಡ್ಲಿ ಸಾಕು. ಸೀರೆ ಬೇಕಾದ್ರೆ ಅವಳಿಗೇ ಕೊಟ್ಕಳ್ಳಿ."